ಒಂದೇ ಪಲ್ಯದ ಬುತ್ತಿ

ನನ್ನ ಕೈಯ ರುಚಿಯ ಬಗ್ಗೆ ನಾನೇ ಹೇಳಿಕೊಳ್ಳಬಾರದಂತೆ. ಸೊಸೆಯಂದಿರು ಹಾಗೆ ಅನ್ನುತ್ತಾರೆ, ಬಾಯಿಬಿಟ್ಟು ಅಲ್ಲ, ಒಬ್ಬರ ಮುಖ ಒಬ್ಬರು ನೋಡಿಕೊಂಡು. ನೋಡಿಕೊಳ್ಳಲಿ. ನಾನು ಹೇಳದಿದ್ದರೆ ಇನ್ಯಾರು ಹೇಳಬೇಕು? ನನ್ನ ಅಡುಗೆ ಉಂಡವರಲ್ಲಿ ಅರ್ಧ ಜನ ಈಗ ಇಲ್ಲ, ಉಳಿದವರ ಬಾಯನ್ನು ಡಾಕ್ಟರು ಕಟ್ಟಿಹಾಕಿದ್ದಾರೆ. ಅದಕ್ಕೇ ನಾನೇ ಹೇಳುತ್ತೇನೆ. ಎಪ್ಪತ್ತರ ದಶಕದಲ್ಲಿ ಇಂಡಿಯಿಂದ ಸಿಂದಗಿಗೆ ಹೋಗುವ ಮುಂಜಾನೆಯ ಬಸ್ಸಿನಲ್ಲಿ ಹತ್ತಾರು ಬುತ್ತಿಗಳು ಹೋಗುತ್ತಿದ್ದವು. ಅವುಗಳಲ್ಲಿ ನನ್ನದು ಯಾವುದು ಎಂದು ಆ ಬಸ್ಸಿನ ಕಂಡಕ್ಟರು ಕಣ್ಣು ಮುಚ್ಚಿಕೊಂಡು, ಬರೀ ಮೂಗಿನಿಂದ ಹೇಳುತ್ತಿದ್ದ.

ಬುತ್ತಿ ಎಂದರೆ ಬಸ್ಸಿನಲ್ಲಿ ಹೋಗುವ ಊಟ. ನಮ್ಮದು ಆ ದಾರಿಯಲ್ಲಿರುವ ಸಣ್ಣ ಹಳ್ಳಿ, ಏಳನೆಯ ತರಗತಿಯ ಮೇಲೆ ಕಲಿಯಬೇಕೆಂದರೆ ಹುಡುಗರು ಸಿಂದಗಿಯಲ್ಲಿ ಖೋಲಿ ಹಿಡಿದು ಇರಬೇಕಾಗಿತ್ತು. ಖೋಲಿಯಲ್ಲಿ ಒಲೆ ಹೂಡಿ ರೊಟ್ಟಿ ಬಡಿಯುವ ಗಂಡುಮಕ್ಕಳು ಆಗ ಎಲ್ಲಿದ್ದರು? ಮನೆಯವರು ದಿನಾ ಮುಂಜಾನೆ ರೊಟ್ಟಿ, ಪಲ್ಯ ಕಟ್ಟಿ ಒಂಬತ್ತರ ಬಸ್ಸಿಗೆ ಕೊಡುತ್ತಿದ್ದರು. ಸಿಂದಗಿಯ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕಂಡಕ್ಟರು ಗಂಟುಗಳನ್ನು ಇಳಿಸುತ್ತಿದ್ದ. ಹುಡುಗರು ಬಂದು ತಮ್ಮ ಗಂಟಿನ ಗುರುತು ಹಿಡಿದು ಒಯ್ಯುತ್ತಿದ್ದರು, ಸಂಜೆಯ ಬಸ್ಸಿಗೆ ಖಾಲಿ ಡಬ್ಬಿ ತಿರುಗಿ ಬರುತ್ತಿತ್ತು. ನನ್ನ ಗಂಟಿನ ಗುರುತು ಅವ್ವನ ಹಳೆಯ ಸೀರೆಯ ಕೆಂಪು ದಡಿ.

ಆ ವರ್ಷ ನನ್ನ ಬುತ್ತಿ ಹೋಗುತ್ತಿದ್ದದ್ದು ತಮ್ಮನಿಗೆ. ನನಗೆ ಹತ್ತೊಂಬತ್ತು, ಅವನಿಗೆ ಹದಿನೇಳು. ಅಪ್ಪ, ಅವ್ವ ಇಬ್ಬರೂ ಹೊಲಕ್ಕೆ ಹೋಗುವವರು, ಹಾಗಾಗಿ ಒಲೆ ನನ್ನದಾಗಿತ್ತು. ತಮ್ಮ ಮ್ಯಾಟ್ರಿಕ್ ಬರೆದು ಗಣಿತ ಒಂದರಲ್ಲಿ ನಪಾಸಾಗಿದ್ದ. ಅಪ್ಪ ಬಯ್ಯಲಿಲ್ಲ, ಹೊಡೆಯಲಿಲ್ಲ. ಜೋಳದ ಚೀಲ ಹೊಲಿಯುತ್ತ ಕೂತಿದ್ದವನು ದಬ್ಬಣ ಕೆಳಗಿಟ್ಟ.

"ಅಕ್ಟೋಬರ್ ಪರೀಕ್ಷೆ ಒಂದು ಐತಿ. ಪಾಸಾದಿ ಅಂದ್ರ ಮುಂದ ಕಲಿ. ಇಲ್ಲಂದ್ರ ಸುಮ್ಮನ ಬಂದು ನೇಗಿಲ ಹಿಡಿ."

ಅಷ್ಟೇ ಮಾತು. ಅಪ್ಪ ಒಮ್ಮೆ ಹೇಳಿದ್ದನ್ನು ಎರಡನೆಯ ಸಲ ಹೇಳುವವನೂ ಅಲ್ಲ, ತಿರುಗಿಸುವವನೂ ಅಲ್ಲ. ತಮ್ಮನಿಗೆ ಸಾಲಿ ಮಾಸ್ತರನಾಗುವ ಹುಚ್ಚು. ಚಿಕ್ಕವನಿದ್ದಾಗ ಆಡಿನ ಮರಿಗಳನ್ನು ಗೋಡೆಗೆ ಸಾಲಾಗಿ ನಿಲ್ಲಿಸಿ ಹಾಜರಿ ಕರೆಯುತ್ತಿದ್ದವನು. ಆ ಸಂಜೆ ಹಿತ್ತಲಲ್ಲಿ ಮುಖ ಮರೆಮಾಡಿಕೊಂಡು ಅತ್ತ. ನಾನು ಅವನ ಬೆನ್ನು ತಟ್ಟಿ, "ಅಳಬ್ಯಾಡೋ ಹುಚ್ಚಪ್ಯಾ, ನೀ ಓದು, ಹೊಟ್ಟೀದು ನನಗ ಬಿಡು" ಎಂದೆ. ಆ ಮಾತೇ ಮುಂದೆ ನನ್ನ ಕೊರಳಿಗೆ ಬಂತು.

ಸಿಂದಗಿಯಲ್ಲಿ ಒಬ್ಬರು ನಿವೃತ್ತ ಮಾಸ್ತರಿದ್ದರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ, ಒಬ್ಬರೇ ಇದ್ದರು. ಗಣಿತದಲ್ಲಿ ನಪಾಸಾದ ಹುಡುಗರನ್ನು ಮನೆಗೆ ಕರೆದು ಮಧ್ಯಾಹ್ನದಿಂದ ಸಂಜೆಯವರೆಗೆ ಕಲಿಸುತ್ತಿದ್ದರು. ಯಾರಿಂದಲೂ ಒಂದು ಪೈಸೆ ಮುಟ್ಟುತ್ತಿರಲಿಲ್ಲ. ಅವರು ಹಿಡಿದ ಹುಡುಗ ಪಾಸಾಗದೆ ಉಳಿಯುವುದಿಲ್ಲ ಎಂದು ತಾಲೂಕಿನ ತುಂಬ ಹೆಸರು. ತಮ್ಮ ಮತ್ತು ಇನ್ನಿಬ್ಬರು ಹುಡುಗರು ಆ ಸಲ ಅವರ ಕೈಗೆ ಬಿದ್ದಿದ್ದರು. ಹುಡುಗರ ಖೋಲಿಯ ಮೇಲೆ ತಗಡು, ಮಧ್ಯಾಹ್ನ ಒಳಗೆ ಕೂರಲಾಗದು. ಅದಕ್ಕೆ ಮಾಸ್ತರ ಪಡಸಾಲೆಯಲ್ಲೇ ಬುತ್ತಿ ಬಿಚ್ಚಿ ಉಂಡು, ಅಲ್ಲೇ ಪಾಠಕ್ಕೆ ಕೂರುತ್ತಿದ್ದರು. ಉಳಿದಿಬ್ಬರ ಗಂಟಿನಲ್ಲಿ ಬರೀ ರೊಟ್ಟಿ, ಹಚ್ಚಿಕೊಳ್ಳಲು ನನ್ನ ಪಲ್ಯವೇ.

ಇನ್ನು ನನ್ನ ಖಾರದ ವಿಷಯ. ಅದನ್ನು ನಾನು ಕಲಿತದ್ದು ಮುದ್ದೇಬಿಹಾಳದ ದೊಡ್ಡವ್ವನ ಮನೆಯಲ್ಲಿ. ಎರಡು ಬೇಸಿಗೆ ಅಲ್ಲಿ ಒನಕೆ ಹಿಡಿದು ಅಂಗೈ ಬೊಬ್ಬೆ ಬರಿಸಿಕೊಂಡು ಕಲಿತ ಮಸಾಲಿ ಖಾರ ಅದು. ಬಣ್ಣಕ್ಕೆ ಬ್ಯಾಡಗಿ ಮೆಣಸಿನಕಾಯಿ, ಉರಿಗೆ ಹೊಲದ ಗಿಡ್ಡ ಮೆಣಸಿನಕಾಯಿ. ಒಣಕೊಬ್ಬರಿ, ಕೊತ್ತಂಬರಿ ಕಾಳು, ಜೀರಿಗೆ, ಲವಂಗ, ಕೆಂಪಗೆ ಹುರಿದ ಉಳ್ಳಾಗಡ್ಡಿ, ಸಿಪ್ಪೆ ಬಿಡಿಸದ ಬಳ್ಳೊಳ್ಳಿ. ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ಹುರಿಯಬೇಕು. ಒಂದು ಹೊತ್ತಿತೆಂದರೆ ಇಡೀ ವರ್ಷದ ಖಾರ ಕಹಿ. "ಕಣ್ಣಿಲೆ ಹುರೀಬ್ಯಾಡ, ಮೂಗಿಲೆ ಹುರಿ" ಎನ್ನುತ್ತಿದ್ದಳು ದೊಡ್ಡವ್ವ. ಆ ಖಾರ ಒಂದು ಚಮಚ ಬಿದ್ದರೆ ನೆನೆಸಿದ ಕಾಳೂ ಪಲ್ಯವಾಗುತ್ತಿತ್ತು. ಬಸವನ ಬಾಗೇವಾಡಿಯಲ್ಲಿ ನಾನು ಸಂಸಾರ ಹೂಡಿ ಇಷ್ಟು ವರ್ಷವಾಯಿತು, ಇಂದಿಗೂ ಈ ಓಣಿಯಲ್ಲಿ ನನ್ನ ಖಾರದ ಸರಿಸಮ ಖಾರ ಇಲ್ಲ. ಬೇಕಾದರೆ ಬಂದು ಕೇಳಿ.

ಜೂನ್‌ನಲ್ಲಿ ಬುತ್ತಿ ಶುರುವಾದಾಗ ಹನ್ನೆರಡು ರೊಟ್ಟಿ ಕಟ್ಟುತ್ತಿದ್ದೆ, ಮಧ್ಯಾಹ್ನಕ್ಕೂ ರಾತ್ರಿಗೂ ಸೇರಿ. ನಾಗರ ಪಂಚಮಿ ಆದ ಮೇಲೆ ಒಂದು ಸಂಜೆ ಕಂಡಕ್ಟರು ಡಬ್ಬಿ ಕೊಡುತ್ತ ಹೇಳಿದ.

"ತಂಗೀ, ನಾಳಿಂದ ಆರು ರೊಟ್ಟಿ ಹೆಚ್ಚಿಗಿ ಇಡಬೇಕಂತ, ನಿನ್ನ ತಮ್ಮ ಹೇಳ್ಯಾನ. ಹುಡುಗ ಭಾಳ ಓದಾಕತ್ತಾನ ಅಂತ ಕಾಣಸ್ತೈತಿ."

"ಓದಿದ್ರ ಹಸಿವು ಆಗೂದ ಬಿಡ್ರಿ ಅಣ್ಣಾ" ಎಂದೆ. ನನಗೆ ಎದೆ ಉಬ್ಬಿ ಬಂದಿತ್ತು.

ಹದಿನೆಂಟು ಕಟ್ಟಿದೆ. ಹತ್ತು ದಿನಕ್ಕೆ ಮತ್ತೆ ಹೇಳಿಕೆ ಬಂತು, ಇಪ್ಪತ್ತನಾಲ್ಕಾಯಿತು. ರೊಟ್ಟಿಯ ಜೊತೆ ಹಚ್ಚಿಕೊಳ್ಳುವುದಕ್ಕೂ ಕೈ ಬಿಗಿ ಹಿಡಿಯಲಿಲ್ಲ. ಶೇಂಗಾ ತುಂಬಿದ ಬದನೆಕಾಯಿ ಎಣ್ಣೆಗಾಯಿ, ಗುರೆಳ್ಳಿನ ಚಟ್ನಿಪುಡಿ, ಒಗ್ಗರಣೆ ಹಾಕಿದ ಕಡಲೆಹಿಟ್ಟಿನ ಝುಣಕ, ಇಂಡಿಯಿಂದ ತಂದ ಲಿಂಬೆಯ ಉಪ್ಪಿನಕಾಯಿ, ಬಾಯಿ ಬಿಗಿದ ಡಬ್ಬಿಯಲ್ಲಿ ಗಟ್ಟಿ ಮೊಸರು. ಐದು ಬಗೆ ಇಲ್ಲದೆ ನನ್ನ ಗಂಟು ಬಸ್ಸು ಹತ್ತುತ್ತಿರಲಿಲ್ಲ. ಸಂಜೆ ಡಬ್ಬಿ ತೆರೆದರೆ ಒಳಗೆ ಬೆರಳಿನಿಂದ ಬಳಿದ ಗುರುತು. ಅದನ್ನು ನಾನು ಅವ್ವನಿಗೆ ತೋರಿಸುತ್ತಿದ್ದೆ, ಪಕ್ಕದ ಮನೆಯವರಿಗೂ ತೋರಿಸುತ್ತಿದ್ದೆ. ಸೊಕ್ಕು ಅನ್ನಿ, ಏನಾದರೂ ಅನ್ನಿ.

ಪರೀಕ್ಷೆಗೆ ಆರು ವಾರ ಇದ್ದಾಗ ಅಪ್ಪನ ಹೆಸರಿಗೆ ಒಂದು ಪೋಸ್ಟ್ ಕಾರ್ಡು ಬಂತು. ಮುತ್ತು ಪೋಣಿಸಿದಂಥ ಅಕ್ಷರ. ಬರೆದವರು ಮಾಸ್ತರು. ಅಪ್ಪನಿಗೆ ಓದಲು ಬಾರದು, ನಾನು ಏಳರವರೆಗೆ ಕಲಿತಿದ್ದೆ, ನಾನೇ ಗಟ್ಟಿಯಾಗಿ ಓದಿದೆ.

"ತಮ್ಮ ಮನೆಯ ಬುತ್ತಿ ಅತ್ಯಂತ ರುಚಿಕರವಾಗಿದೆ. ತೊಂದರೆಯೂ ಅದೇ ಆಗಿದೆ. ಮಿತಿ ಮೀರಿದ ಊಟದಿಂದ ಮಧ್ಯಾಹ್ನದ ಪಾಠ ನಿಂತುಹೋಗಿದೆ. ದಯಮಾಡಿ ಇನ್ನು ಮುಂದೆ ಮಸಾಲೆ ಇಲ್ಲದ ಸಪ್ಪೆ ಊಟವನ್ನು ಸ್ವಲ್ಪವೇ ಕಳಿಸಬೇಕು. ಇಲ್ಲವಾದರೆ ಪರೀಕ್ಷೆಯ ಫಲಕ್ಕೆ ನಾನು ಜವಾಬ್ದಾರನಲ್ಲ."

ಮೊದಲ ಸಾಲು ಓದುವಾಗ ನನ್ನ ದನಿ ಏರಿತ್ತು. ಕೊನೆಯ ಸಾಲಿಗೆ ಬರುವಷ್ಟರಲ್ಲಿ ಕಿವಿ ಕಾದಿದ್ದವು. ಅಪ್ಪ ತಮ್ಮನ ಹೆಸರೆತ್ತಿ ಬಯ್ದ. ಹೊಟ್ಟೆಬಾಕ, ತಿಂದು ಮಲಗುತ್ತಾನೆ, ಅಷ್ಟೇ ಅವನ ಹಣೆಬರಹ. ಆಮೇಲೆ ನನ್ನ ಕಡೆ ತಿರುಗಿದ.

"ನಾಳಿಂದ ಸಪ್ಪನ್ನ ಬ್ಯಾಳಿ, ಎಂಟು ರೊಟ್ಟಿ. ಅದರ ಮ್ಯಾಲ ಒಂದು ಹರಳು ಉಪ್ಪು ಸೈತ ಹೆಚ್ಚಿಗಿ ಬೀಳಬಾರದು."

"ನನ್ನ ಖಾರದ್ದೇನು ತಪ್ಪು ಅಪ್ಪಾ? ಅಂವ ಮಕ್ಕೊಂಡ್ರ ನನ್ನ ಖಾರ ಏನ್ ಮಾಡೀತು?"

"ತಪ್ಪು ಯಾರದರ ಇರ್ಲಿ. ನಪಾಸಾದ್ರ ನೇಗಿಲ ಹಿಡಿಯಾಂವ ನಿನ್ನ ತಮ್ಮ."

ಮರುದಿನ ಬರೀ ಉಪ್ಪು ಹಾಕಿ ಕುದಿಸಿದ ಬೇಳೆ ಕಟ್ಟಿದೆ. ಒಗ್ಗರಣೆ ಇಲ್ಲ, ಬಳ್ಳೊಳ್ಳಿ ಇಲ್ಲ, ಏನೂ ಇಲ್ಲ. ಡಬ್ಬಿಯ ಮುಚ್ಚಳ ಹಾಕುವಾಗ ನನಗೆ ನಾಚಿಕೆಯಾಗಿ ಆ ಕಡೆ ಮುಖ ತಿರುಗಿಸಿದೆ. ಕಂಡಕ್ಟರು ಗಂಟು ಕೈಗೆ ತೆಗೆದುಕೊಂಡು ಮೂಸಿ, "ತಂಗೀ, ಮನ್ಯಾಗ ಯಾರಿಗರ ಜಡ್ಡೇನು?" ಎಂದು ಕೇಳಿದ. ಬಸ್ಸು ಹೋದ ಮೇಲೆ ಒಲೆಯ ಮುಂದೆ ಕೂತು ಅತ್ತೆ. ಸಿಟ್ಟಿನ ಅಳು ಅದು.

ಸಪ್ಪೆ ಬುತ್ತಿ ಮೂರು ದಿನ ಹೋಯಿತು, ಮೂರೂ ದಿನ ಹೋದ ಹಾಗೇ ತಿರುಗಿ ಬಂತು. ಮೂರನೆಯ ದಿನ ಡಬ್ಬಿಯೊಳಗೆ ತಮ್ಮನ ಚೀಟಿ ಇತ್ತು. "ಅಕ್ಕಾ, ನಿನಗೆ ಏನಾಗಿದೆ? ಇದನ್ನು ಯಾರೂ ಮುಟ್ಟಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ಭಜಿ ತಿಂದು ಮೂವರಿಗೂ ಹೊಟ್ಟೆ ಕೆಟ್ಟಿದೆ. ಸರ್ ಹಸಿದುಕೊಂಡು ಬೆಳಗಿನಿಂದ ಮಲಗಿದ್ದಾರೆ. ಪಾಠ ಇಲ್ಲ."

ಸರ್ ಹಸಿದುಕೊಂಡು ಮಲಗಿದ್ದಾರೆ ಎಂದರೇನು? ನನ್ನ ಬುತ್ತಿಗೂ ಮಾಸ್ತರ ಹಸಿವಿಗೂ ಏನು ಸಂಬಂಧ? ಆ ಚೀಟಿಯನ್ನು ನಾಲ್ಕು ಸಲ ಓದಿದೆ. ಮರುದಿನ ಅಪ್ಪ ಎತ್ತಿಗೆ ಹಗ್ಗ ತರಲು ಸಿಂದಗಿಯ ಸಂತೆಗೆ ಹೊರಟಿದ್ದ. ನಾನೂ ಬರುತ್ತೇನೆ ಎಂದು ಹಟ ಹಿಡಿದೆ. ಅಪ್ಪ ಏಳುವ ಮೊದಲೇ ನಸುಕಿನಲ್ಲೆದ್ದು ಐದೂ ಬಗೆ ಮಾಡಿದೆ, ಇಪ್ಪತ್ತನಾಲ್ಕು ರೊಟ್ಟಿ ಬಡಿದೆ, ಮಸಾಲಿ ಖಾರ ಒಂದು ಚಮಚ ಹೆಚ್ಚಿಗೇ ಹಾಕಿದೆ. ಆ ಮಾಸ್ತರ ಎದುರು ತಾಟು ಇಟ್ಟು, ನನ್ನ ಖಾರದಲ್ಲಿ ಏನು ಕೊರತೆ ಹೇಳಿರಿ ಎಂದು ಮುಖದ ಮೇಲೇ ಕೇಳುವುದೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ.

ಅಪ್ಪ ನನ್ನನ್ನು ಮಾಸ್ತರ ಮನೆಯ ಬಾಗಿಲಿಗೆ ಬಿಟ್ಟು ಸಂತೆಗೆ ಹೋದ. ಮಾಸ್ತರು ಎದ್ದು ಕೂತಿದ್ದರು. ಸಣಕಲು ಮೈ, ಬಿಳಿ ಟೊಪ್ಪಿಗೆ, ಒಂದು ಕಡೆ ದಾರ ಕಟ್ಟಿದ ಕನ್ನಡಕ. ನಾನು ಅಂದುಕೊಂಡಂಥ ಜಬರದಸ್ತ್ ಆಳಲ್ಲ. ನನ್ನನ್ನು ನೋಡಿ, "ಬಾ ಯವ್ವಾ, ಒಳಗ ಬಾ" ಎಂದರು. ಕೇಳುವುದನ್ನು ಊಟವಾದ ಮೇಲೆ ಕೇಳಿದರಾಯಿತೆಂದು ಗಂಟನ್ನು ತಮ್ಮನ ಕೈಗೆ ಕೊಟ್ಟೆ.

ತಮ್ಮ ಗಂಟು ಬಿಚ್ಚಿದ. ನಮ್ಮ ಕಡೆ ಬುತ್ತಿ ಬಿಚ್ಚಿದರೆ ಸುತ್ತ ಇದ್ದವರನ್ನು ಊಟಕ್ಕೆ ಕರೆಯಲೇಬೇಕು, ಕರೆಯದೆ ತುತ್ತು ಎತ್ತುವಂತಿಲ್ಲ. ಕರೆಸಿಕೊಂಡವರು "ನಮ್ಮದು ಆಗೇತ್ರಿ, ನೀವು ಮಾಡ್ರಿ" ಎನ್ನಬೇಕು. ಕರೆಯುವುದೂ ರಿವಾಜು, ಒಲ್ಲೆ ಎನ್ನುವುದೂ ರಿವಾಜು. ಬಸ್ಸಿನಲ್ಲಿ, ಹೊಲದ ಬದುವಿನಲ್ಲಿ, ಕಚೇರಿಯ ಕಟ್ಟೆಯ ಮೇಲೆ ದಿನಕ್ಕೆ ಸಾವಿರ ಸಲ ನಡೆಯುವ ಮಾತು ಅದು.

"ಬರ್ರಿ ಸರ, ಊಟ ಮಾಡೂಣು" ಎಂದ ತಮ್ಮ.

"ಏ, ನಂದಾಗೇತ್ಯೋ, ನೀವು ಮಾಡ್ರಿ" ಎಂದರು ಮಾಸ್ತರು. ಅನ್ನುತ್ತಲೇ ತಾಟನ್ನು ಎಡಗೈಯಿಂದ ಹತ್ತಿರಕ್ಕೆ ಎಳೆದುಕೊಂಡರು.

ನಾನೇ ಬಡಿಸಿದೆ. ಬಡಿಸುತ್ತ ನೋಡಿದೆ. ಎಣ್ಣೆಗಾಯಿಯ ಜೊತೆ ಎರಡು ರೊಟ್ಟಿ ಹೋದವು. ಇನ್ನು ಸಾಕು ಎನ್ನುವಂತೆ ಕೈ ನಿಂತಿತು. ಅಷ್ಟರಲ್ಲಿ ಕಣ್ಣು ಗುರೆಳ್ಳು ಚಟ್ನಿಯ ಮೇಲೆ ಬಿತ್ತು. ಅದರ ಜೊತೆ ಒಂದೂವರೆ. ಖಾರ ಹತ್ತಿತು ಎಂದು ಮೊಸರು, ಮೊಸರಿಗೆ ಒಂದು ರೊಟ್ಟಿ. ಮೊಸರಿನಿಂದ ಬಾಯಿ ಸಪ್ಪಗಾಯಿತು ಎಂದು ಲಿಂಬೆ ಉಪ್ಪಿನಕಾಯಿ. ಉಪ್ಪಿನಕಾಯಿಯಿಂದ ನಾಲಿಗೆ ಮತ್ತೆ ಚುರುಕಾಗಿ ಝುಣಕ. ಝುಣಕ ಮುಗಿದ ಮೇಲೆ ಪುನಃ ಎಣ್ಣೆಗಾಯಿ. ಒಂಬತ್ತು ರೊಟ್ಟಿ. ಸಣಕಲು ಮೈಯಲ್ಲಿ ಅವೆಲ್ಲ ಎಲ್ಲಿ ಹೋದವೋ. ಅಡುಗೆ ಮಾಡಿದವಳಿಗೆ ಅದಕ್ಕಿಂತ ಚಂದದ ನೋಟ ಇನ್ನೊಂದಿಲ್ಲ, ನಾನು ಖುಷಿಯಿಂದಲೇ ನೋಡಿದೆ.

ಮಾಸ್ತರು ಕೈ ತೊಳೆದು, ದೊಡ್ಡದೊಂದು ತೇಗು ತೇಗಿ, "ಐದ ಮಿನೀಟು ಕಣ್ಣ ಮುಚ್ಚತೇನಿ, ನೀವು ಪಾಟಿ ತಗೀರಿ" ಎಂದು ಗೋಡೆಗೆ ಒರಗಿದರು. ಐದು ಮಿನಿಟು ಹೋಗಿ ಒಂದು ತಾಸಾಯಿತು, ಎರಡು ತಾಸಾಯಿತು. ಗೊರಕೆಗೆ ಗೂಟದ ಮೇಲಿನ ಟೊಪ್ಪಿಗೆ ಅಲುಗಾಡುತ್ತಿತ್ತು. ಮೂವರು ಹುಡುಗರು ಕಾಲು ಚಾಚಿ ಕೂತು ಹುಣಸೆ ಬೀಜ ಆಡುತ್ತಿದ್ದರು. ಗೋಡೆಯ ಹಲಗೆಯ ಮೇಲೆ ಒಂದು ಲೆಕ್ಕ ಅರ್ಧಕ್ಕೆ ನಿಂತಿತ್ತು, ಸುಣ್ಣದ ಅಕ್ಷರ ಮಾಸಿತ್ತು.

"ಈ ಲೆಕ್ಕ ಯಾವಾಗಿಂದು?" ಎಂದು ತಮ್ಮನನ್ನು ಕೇಳಿದೆ.

"ಪಂಚಮೀದು" ಎಂದ, ನೆಲ ನೋಡುತ್ತ. "ಅವತ್ತ ಬರ್ರಿ ಸರ ಅಂದೆ. ಖರೇನ ಬಂದ್ರು. ಅವತ್ತಿಂದ ಹಿಂಗ."

"ಒಂದು ತಿಂಗಳಾತಲ್ಲೋ! ಎಬ್ಬಸಾಕ ಏನಾಗೇತಿ ನಿಮಗ?"

"ಉಂಡು ಮಕ್ಕೊಂಡ ಹಿರ್ಯಾರನ್ನ ಹೆಂಗ ಎಬ್ಬಸೂದಕ್ಕಾ? ಅದೂ ಪುಕ್ಕಟೆ ಕಲಸಾವರನ್ನ?"

ಮಲಗುತ್ತಿದ್ದದ್ದು ತಮ್ಮನಲ್ಲ. ಹೆಚ್ಚಿಗೆ ಕೇಳಿದ ರೊಟ್ಟಿ ಅವನಿಗಲ್ಲ. ನಾನು ಎದೆ ಉಬ್ಬಿಸಿಕೊಂಡು ಬೆರಳ ಗುರುತು ತೋರಿಸಿಕೊಂಡು ಓಡಾಡಿದ ಆ ಖಾಲಿ ಡಬ್ಬಿಗಳು ಒಂದೊಂದೂ ಒಂದೊಂದು ದಿನದ ಪಾಠವನ್ನು ನುಂಗಿದ್ದವು. ಎಲ್ಲಿತ್ತೋ ಸಿಟ್ಟು, ಹಿತ್ತಾಳೆಯ ತಾಟು ತೆಗೆದು ಕಲ್ಲು ಹಾಸಿನ ಮೇಲೆ ಬಿಟ್ಟೆ. ಆ ಸದ್ದಿಗೆ ಮಾಸ್ತರು ಗಾಬರಿಯಾಗಿ ಎದ್ದರು. ಹಲಗೆಯನ್ನು ನೋಡಿದರು, ನನ್ನನ್ನು ನೋಡಿದರು. ಅವರಿಗೆ ಎಲ್ಲ ತಿಳಿಯಿತು.

"ಕಾರ್ಡಿನಾಗ ನಿದ್ದಿ ಯಾರದು ಅಂತ ಬರೀಲಿಲ್ಲಲ್ರಿ ಮಾಸ್ತರ್ರ?" ಎಂದೆ. ಹಿರಿಯರಿಗೆ ಹಾಗೆ ಕೇಳಬಾರದಿತ್ತು, ಕೇಳಿದೆ.

"ಮೂವತ್ತು ವರ್ಷ ಮಾಸ್ತರಕಿ ಮಾಡೇನಿ ಯವ್ವಾ. ಹೆಂಗ ಬರೀಲಿ?" ಎಂದರು. ಕನ್ನಡಕ ತೆಗೆದು ಧೋತರದ ಚುಂಗಿಗೆ ಒರೆಸಿದರು. "ಹನ್ನೆರಡು ವರ್ಷ ಆತು ನಮ್ಮಾಕಿ ಹೋಗಿ. ಅಂದಿನಿಂದ ಅನ್ನ, ತಿಳಿಸಾರು. ಹೊಟ್ಟಿ ತುಂಬತಿತ್ತು, ಏಳ್ತಿದ್ದೆ. ನಿನ್ನ ಎಣ್ಣಿಗಾಯಿ ಬಾಯಾಗ ಇಟ್ಟ ದಿವಸ ಕಣ್ಣಾಗ ನೀರು ಬಂದುವು. ಹುಡುಗ್ರು ಖಾರ ಹತ್ತೇತಿ ಅಂದ್ರು. ಹೌದಂದೆ. ಇವತ್ತ ಒಲ್ಲೆ ಅನಬೇಕು ಅಂತ ದಿನಾ ಮುಂಜಾನಿ ನಿಶ್ಚಯ ಮಾಡತೇನಿ, ಗಂಟು ಬಿಚ್ಚಿದ ಕೂಡ್ಲೆ ನಾಲಿಗಿ ನನ್ನ ಮಾತು ಕೇಳೂದುಲ್ಲ."

ನನ್ನ ಸಿಟ್ಟು ಎಲ್ಲಿ ಹೋಯಿತೋ. ಬಿದ್ದ ತಾಟನ್ನು ಎತ್ತಿ ಗೋಡೆಗೆ ಆನಿಸಿಟ್ಟೆ.

"ನಾಳಿಂದ ನಾ ಒಳಗಿನ ಖೋಲ್ಯಾಗ ಬಾಗಲಾ ಹಾಕ್ಕೊಂಡು ಕೂಡ್ತೇನಿ. ಹುಡುಗ್ರದ ಊಟ ಆದ ಮ್ಯಾಲ ಹೊರಗ ಬರ್ತೇನಿ" ಎಂದರು ಅವರು.

"ಛೀ, ಅದೆಲ್ಲಾ ಏನ್ ಮಾತ್ರಿ! ಪುಕ್ಕಟೆ ವಿದ್ಯಾ ಕೊಡಾವರು ಬಾಗಲಾ ಹಾಕ್ಕೊಂಡು ಕೂತು ನಮ್ಮ ಹುಡುಗ ಹೊರಗ ಉಣ್ಣೂದ? ನಮ್ಮ ಮನಿ ಮಾನ ಏನಾತು? ನೀವು ಉಣ್ಣಬೇಕು. ಪಾಠಾನೂ ಆಗಬೇಕು. ನನಗ ಬಿಡ್ರಿ."

ಹೇಳುವುದೇನೋ ಹೇಳಿಬಿಟ್ಟೆ, ಏನು ಮಾಡುವುದೆಂದು ನನಗೆ ಗೊತ್ತಿರಲಿಲ್ಲ. ಸಪ್ಪೆ ಕಳಿಸಿದರೆ ಯಾರೂ ಉಣ್ಣುವುದಿಲ್ಲ, ಅದನ್ನು ನೋಡಿ ಆಗಿತ್ತು. ರೊಟ್ಟಿ ಕಡಿಮೆ ಕಳಿಸಿದರೆ ಮಾಸ್ತರ ಎದುರು ಹುಡುಗರು ತಮ್ಮ ಪಾಲು ಬಿಡುತ್ತಾರೆ. ಸಂಜೆಯ ಬಸ್ಸಿನಲ್ಲಿ ನಡೆದದ್ದನ್ನೆಲ್ಲ ಅಪ್ಪನಿಗೆ ಹೇಳಿ, ಅವನ ಪಕ್ಕ ಕೂತು ಮಾಸ್ತರ ಕೈ ತಾಟಿನಲ್ಲಿ ಸುತ್ತಿದ್ದನ್ನೇ ನೆನೆಯುತ್ತ ಬಂದೆ. ಎಣ್ಣೆಗಾಯಿ, ಗುರೆಳ್ಳು, ಮೊಸರು, ಉಪ್ಪಿನಕಾಯಿ, ಝುಣಕ, ಮತ್ತೆ ಎಣ್ಣೆಗಾಯಿ. ಒಂದಕ್ಕೆ ಬಾಯಿ ಸಾಕು ಎಂದಾಗಲೆಲ್ಲ ಇನ್ನೊಂದು ಬಾ ಎಂದು ಕರೆದಿತ್ತು. ಆಗ ನನಗೆ ದೊಡ್ಡವ್ವನ ಮನೆಯ ಖಾರ ಕುಟ್ಟುವ ವಾರ ನೆನಪಾಯಿತು. ಆ ವಾರ ನಮಗೆ ಯಾರಿಗೂ ಹಸಿವೆಯೇ ಆಗುತ್ತಿರಲಿಲ್ಲ. ಮುಂಜಾನೆಯಿಂದ ಸಂಜೆಯವರೆಗೆ ಮೂಗಿನಲ್ಲಿ ಅದೇ ಒಂದು ವಾಸನೆ, ಊಟಕ್ಕೆ ಕೂತರೂ ಅದೇ ವಾಸನೆ. ಎಷ್ಟು ಒಳ್ಳೆಯ ಘಮವಾದರೂ ಎರಡು ರೊಟ್ಟಿಗೆ ಸಾಕಾಗಿ ಏಳುತ್ತಿದ್ದೆವು. "ಖಾರ ಕುಟ್ಟು ವಾರ ಜ್ವಾಳ ಉಳಿತಾವ ನೋಡ್ರಿ" ಎಂದು ದೊಡ್ಡವ್ವ ನಗುತ್ತಿದ್ದಳು. ಬಸ್ಸು ನಮ್ಮೂರಲ್ಲಿ ನಿಲ್ಲುವ ಹೊತ್ತಿಗೆ ನನಗೆ ದಾರಿ ಸಿಕ್ಕಿತ್ತು.

ಮರುದಿನ ಒಂದೇ ಪಲ್ಯ ಮಾಡಿದೆ. ಪುಂಡಿಪಲ್ಯ. ಎಳೆಯ ಹುಳಿ ಎಲೆ, ಜೋಳದ ನುಚ್ಚು, ಹಸಿಮೆಣಸಿನಕಾಯಿ, ಮೇಲೆ ಎಣ್ಣೆಯಲ್ಲಿ ಕೆಂಪಾದ ಬಳ್ಳೊಳ್ಳಿಯ ಒಗ್ಗರಣೆ. ರುಚಿಯಲ್ಲಿ ಒಂದು ಚಿಟಿಕೆಯಷ್ಟೂ ಕಡಿಮೆ ಮಾಡಲಿಲ್ಲ. ಮಾಡುವವಳೇ ಅಲ್ಲ ನಾನು. ಆದರೆ ದೊಡ್ಡ ಡಬ್ಬಿಯ ತುಂಬ ಅದೊಂದೇ. ಚಟ್ನಿಪುಡಿ ಇಲ್ಲ, ಮೊಸರಿಲ್ಲ, ಉಪ್ಪಿನಕಾಯಿ ಇಲ್ಲ. ರೊಟ್ಟಿ ಮಾತ್ರ ಇಪ್ಪತ್ತನಾಲ್ಕೇ ಕಟ್ಟಿದೆ, ನನ್ನ ಬುತ್ತಿ ಕಮ್ಮಿಯಾಯಿತು ಎಂದು ಯಾರೂ ಅನ್ನಬಾರದು. ಕಂಡಕ್ಟರು ಗಂಟು ಮೂಸಿ, "ಹಾಂ, ಈಗ ಬಂತು ನೋಡು ನನ್ನ ತಂಗಿ ಬುತ್ತಿ" ಎಂದ.

ಆ ದಿನ ಸಂಜೆಯ ಬಸ್ಸಿಗೆ ಅರ್ಧ ತಾಸು ಮೊದಲೇ ಹೋಗಿ ನಿಂತೆ. ಡಬ್ಬಿ ಕೈಗೆ ಬಂತು, ಭಾರ ಇತ್ತು. ರಾತ್ರಿಗೆಂದು ತಮ್ಮ ಎತ್ತಿಟ್ಟುಕೊಂಡ ಮೇಲೂ ಏಳು ರೊಟ್ಟಿ ಉಳಿದು ಬಂದಿದ್ದವು. ತಳದಲ್ಲಿ ಪಲ್ಯವೂ ಇತ್ತು. ನನ್ನ ಕೈಯ ಪಲ್ಯ ಉಳಿದು ಬರುವುದೆಂದರೇನು? ರಸ್ತೆಯಲ್ಲೇ ನಿಂತು ಚೀಟಿ ಬಿಡಿಸಿದೆ.

"ಅಕ್ಕಾ, ಸರ್ ನಾಲ್ಕು ರೊಟ್ಟಿ ತಿಂದು ಸುತ್ತಮುತ್ತ ನೋಡಿದರು. ಬೇರೇನೂ ಇರಲಿಲ್ಲ. 'ಪಲ್ಯ ಅಮೃತ ಆಗೇತಿ, ಆದ್ರ ಸಾಕಪಾ' ಎಂದು ಕೈ ತೊಳೆದರು. ನಾವು ಮೂವರೂ ಉಸಿರು ಬಿಗಿಹಿಡಿದು ನೋಡುತ್ತಿದ್ದೆವು. ಗೋಡೆಗೆ ಒರಗಲಿಲ್ಲ. ಸೀದಾ ಹೋಗಿ ಸುಣ್ಣದ ಕಡ್ಡಿ ತೆಗೆದುಕೊಂಡರು. ಪಂಚಮಿಯ ಲೆಕ್ಕ ಮುಗಿಯಿತು."

ಆ ಉಳಿದ ರೊಟ್ಟಿಯನ್ನು ಅವ್ವನಿಗೆ ತೋರಿಸಿದೆ, ಪಕ್ಕದ ಮನೆಯವರಿಗೂ ತೋರಿಸಿದೆ. ಅವರು ನನಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು. ಖಾಲಿ ಡಬ್ಬಿಗೆ ಹೆಮ್ಮೆಪಡುವುದು ಯಾವ ಅಡುಗೆಯವಳಿಗೂ ಬರುತ್ತದೆ. ಉಳಿದು ಬಂದ ಡಬ್ಬಿಗೆ ಹೆಮ್ಮೆಪಡುವುದನ್ನು ನಾನು ಆ ಸಂಜೆ ಕಲಿತೆ, ಸುಲಭವಾಗಿ ಅಲ್ಲ.

ಐದು ವಾರ ಹಾಗೇ ನಡೆಸಿದೆ. ಒಂದು ದಿನ ಎಣ್ಣೆಗಾಯಿ, ಮರುದಿನ ಝುಣಕ, ಅದರ ಮರುದಿನ ಹೆಸರುಕಾಳು. ದಿನಕ್ಕೊಂದೇ, ಆದರೆ ಒಂದೊಂದೂ ನಿಂತು ಮಾತಾಡಬೇಕು, ಹಾಗೆ. ನಡುವೆ ಮಾಸ್ತರು ಒಂದು ಕಿತಾಪತಿ ಮಾಡಿದರು. ಪೇಟೆಯಿಂದ ಉಪ್ಪಿನಕಾಯಿಯ ಭರಣಿ ತಂದು ಬಗಲಲ್ಲಿ ಇಟ್ಟುಕೊಂಡು ಕೂತರಂತೆ. ತಮ್ಮ ಚೀಟಿಯಲ್ಲಿ ಚಾಡಿ ಹೇಳಿದ. ನಾನು ಕಂಡಕ್ಟರ ಕೈಯಲ್ಲಿ ಹೇಳಿ ಕಳಿಸಿದೆ: "ಮಾಸ್ತರ್ರಿಗಿ ಹೇಳ್ರಿ, ಭರಣಿ ಅಟ್ಟದ ಮ್ಯಾಲ ಇಡಬೇಕಂತ. ಇಲ್ಲಂದ್ರ ನಾಳಿ ಮತ್ತ ಸಪ್ಪನ್ನ ಬ್ಯಾಳಿ ಬರ್ತೈತಿ." ಕಂಡಕ್ಟರು ಹಾಗೇ ಹೋಗಿ ಹೇಳಿದನಂತೆ. ಮಾಸ್ತರು ನಗುತ್ತ ತಾವೇ ಏಣಿ ಹತ್ತಿ ಭರಣಿಯನ್ನು ಮೇಲೆ ಇಟ್ಟರಂತೆ.

ಪರೀಕ್ಷೆ ಆಯಿತು. ಫಲಿತಾಂಶ ಬರುವ ದಿನ ಅಪ್ಪ ಹೊಲಕ್ಕೆ ಹೋಗಲಿಲ್ಲ. ಹೊಸ ಹಗ್ಗ ಗೂಟಕ್ಕೆ ತೂಗುತ್ತಿತ್ತು, ತಮ್ಮ ಅದರ ಕಡೆ ನೋಡುತ್ತಲೇ ಇರಲಿಲ್ಲ. ಸಿಂದಗಿಯ ಕಡೆಯಿಂದ ಬಸ್ಸು ದೂರದಿಂದಲೇ ಹಾರ್ನು ಹೊಡೆಯುತ್ತ ಬಂತು. ಕಂಡಕ್ಟರು ಬಾಗಿಲಲ್ಲಿ ಜೋತುಬಿದ್ದು ಪೇಪರು ಬೀಸುತ್ತಿದ್ದ.

"ತಂಗೀ, ನಿನ್ನ ಬುತ್ತಿ ಪಾಸಾತು!"

ಅವನ ಹಿಂದೆ ಬಿಳಿ ಟೊಪ್ಪಿಗೆಯ ಮಾಸ್ತರು ಇಳಿದರು. ಮೂವರೂ ಹುಡುಗರು ಪಾಸು. ತಮ್ಮ ಅವರ ಕಾಲಿಗೆ ಬಿದ್ದ. ಅಪ್ಪ ಒಳಗೆ ಹೋಗಿ ಗೂಟದ ಮೇಲಿನ ಹಗ್ಗ ತೆಗೆದು ಕೊಟ್ಟಿಗೆಯಲ್ಲಿ ಇಟ್ಟು ಬಂದ. ಮಾಸ್ತರು ನನ್ನ ಕಡೆ ತಿರುಗಿ ತಲೆಯ ಮೇಲೆ ಕೈಯಿಟ್ಟರು.

"ಇವರಿಗೆ ಲೆಕ್ಕ ಕಲಿಸಿದಾಂವ ನಾ. ನನಗ ಸಾಕು ಅನ್ನೂದು ಕಲಿಸಿದಾಕಿ ನೀ" ಎಂದರು.

ನಾನು ನಡುಮನೆಯಲ್ಲಿ ಮಣೆ ಹಾಕಿದೆ. ಎಣ್ಣೆಗಾಯಿ, ಝುಣಕ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು, ಲಿಂಬೆ ಉಪ್ಪಿನಕಾಯಿ, ಪುಂಡಿಪಲ್ಯ. ಐದಲ್ಲ, ಆರು. ಪಕ್ಕದಲ್ಲಿ ಶೇಂಗಾ ಹೋಳಿಗೆ, ತುಪ್ಪ.

"ಬರ್ರಿ ಮಾಸ್ತರ್ರ, ಊಟ ಮಾಡ್ರಿ" ಎಂದು ಕರೆದೆ.

ಅವರು ಒಲ್ಲೆ ಎನ್ನಲಿಲ್ಲ, ರಿವಾಜಿಗೂ ಎನ್ನಲಿಲ್ಲ. ಬಂದು ಕೂತರು, ತಾಟು ನೋಡಿದರು, ನನ್ನ ಮುಖ ನೋಡಿ ಚಿಕ್ಕ ಹುಡುಗನಂತೆ ನಕ್ಕರು. ಕೈ ಎಲ್ಲ ಕಡೆ ಸುತ್ತಿತು. ನಾನು ರೊಟ್ಟಿ ಎಣಿಸಲಿಲ್ಲ. ಊಟ ಮುಗಿದ ಮೇಲೆ ಪಡಸಾಲೆಯ ಗೋಡೆಗೆ ಒರಗಿ, "ಐದ ಮಿನೀಟು" ಎಂದವರು ಗೊರಕೆ ಹೊಡೆಯತೊಡಗಿದರು.

ಸಂಜೆಯಾಯಿತು. ಅಪ್ಪ ರಸ್ತೆಯ ಕಡೆ ನೋಡಿ ಬಂದು ಪಿಸುದನಿಯಲ್ಲಿ ಕೇಳಿದ.

"ಬಸ್ಸಿನ ವ್ಯಾಳ್ಯಾ ಆತು. ಎಬ್ಬಸಲೇನು?"

ಬುತ್ತಿ ಕಟ್ಟುತ್ತಿದ್ದ ಕೆಂಪು ದಡಿಯ ಬಟ್ಟೆಯನ್ನು ಮಾಸ್ತರ ಕಾಲಿನ ಮೇಲೆ ಹೊದಿಸುತ್ತಿದ್ದೆ, ನೊಣ ಕೂರದಿರಲಿ ಎಂದು.

"ಬ್ಯಾಡ ಅಪ್ಪಾ, ಮಲಗ್ಲಿ" ಎಂದೆ. "ಇವತ್ತ ಪಾಠ ಇಲ್ಲಲಾ."